ಡೆಕ್ ಹೊಂದಿಸಿದ್ದು ಯಾರು

ಅಮೆರಿಕದ ಟ್ರಾಯ್‌ನಲ್ಲಿ ನಾವು ಮನೆ ಕೊಂಡಾಗ ಗ್ಯಾರೇಜಿನಲ್ಲಿ ನಿಂತಿದ್ದ, ಹುಲ್ಲು ಕತ್ತರಿಸುವ ಹಳೆಯ ಗಾರ್ಡನ್ ಟ್ರಾಕ್ಟರೂ ಅದರ ಜೊತೆಗೇ ನಮ್ಮದಾಯಿತು. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ನನ್ನ ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನೂ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳೇ, ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಅಮೆರಿಕಕ್ಕೆ ಬಂದ ಮೇಲೆ ಅಲ್ಲಿ ಇಲ್ಲಿ ಕೆಲಸಕ್ಕೆ ಅರ್ಜಿ ಹಾಕಿದೆ. ಯಾರೂ ಉತ್ತರ ಬರೆಯಲಿಲ್ಲ.

ಮೊದಲ ಬೇಸಿಗೆಯಲ್ಲೇ ಆ ಟ್ರಾಕ್ಟರ್ ನಮ್ಮ ಲಾನನ್ನು ಕೆಡಿಸಿಹಾಕಿತು. ಎಡಗಡೆ ಮಣ್ಣು ಕಾಣುವಂತೆ ಬೋಳಿಸುತ್ತಿತ್ತು, ಬಲಗಡೆ ಹುಲ್ಲು ಹಾಗೇ ನಿಂತಿರುತ್ತಿತ್ತು. ಬ್ಲೇಡು ತಿರುಗಿಸುವ ಬೆಲ್ಟು ಮತ್ತೆ ಮತ್ತೆ ಕಳಚಿಕೊಳ್ಳುತ್ತಿತ್ತು. ಗಂಡ ಒಂದು ಶನಿವಾರ ಪೂರ್ತಿ ಒದ್ದಾಡಿ ಹೊಸ ಬೆಲ್ಟು ತಂದು ಹಾಕಿದರು. ಅದೂ ಕಳಚಿದಾಗ ಟಯರಿಗೆ ಒದ್ದು ಒಳಗೆ ಹೋದರು.

ಸೋಮವಾರ ಅವರು ಆಫೀಸಿಗೆ ಹೋದ ಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ಗ್ಯಾರೇಜಿಗೆ ಇಳಿದೆ. ಇಂಜಿನ್ ಅಕಸ್ಮಾತ್ ಶುರುವಾಗದಿರಲೆಂದು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಟ್ಟೆ. ಟ್ರಾಕ್ಟರಿನ ಹೊಟ್ಟೆಯಡಿ ನೇತಾಡುವ, ಬೋರಲು ಹಾಕಿದ ದೊಡ್ಡ ತಟ್ಟೆಯಂಥ ಕಬ್ಬಿಣದ ಕವಚಕ್ಕೆ ಡೆಕ್ ಅನ್ನುತ್ತಾರೆ. ಬ್ಲೇಡುಗಳು ತಿರುಗುವುದು ಅದರೊಳಗೆ. ಡೆಕ್ಕಿಗೆ ಒಣಗಿ ಅಂಟಿದ್ದ ಹುಲ್ಲನ್ನು ಕೆರೆದಾಗ ಒಂದು ನಂಬರ್ ಕಾಣಿಸಿತು. ಹಿಂದಿನ ಮಾಲೀಕ ಬಿಟ್ಟುಹೋಗಿದ್ದ ಪುಸ್ತಕದಲ್ಲಿ ಆ ನಂಬರೇ ಇರಲಿಲ್ಲ. ಈ ಟ್ರಾಕ್ಟರಿಗೆ ಎರಡು ಬ್ಲೇಡಿನ, ಮೂವತ್ತೆಂಟು ಇಂಚಿನ ಡೆಕ್ ಇರಬೇಕಿತ್ತು. ಇದರಲ್ಲಿ ಮೂರು ಬ್ಲೇಡು. ಟೇಪು ಹಿಡಿದೆ, ನಲವತ್ತೆರಡು ಇಂಚು. ಯಾರೋ ಬೇರೆ ಮಾಡೆಲ್ಲಿನ ಡೆಕ್ ತಂದು ಹಳೆಯ ಕಂಬಿಗಳಿಗೇ ನೇತುಹಾಕಿದ್ದರು. ಗಂಡ ತಂದ ಬೆಲ್ಟು ಟ್ರಾಕ್ಟರಿಗೆ ಸರಿ, ಡೆಕ್ಕಿಗೆ ತಪ್ಪು.

ನಂಬರ್ ಬರೆದುಕೊಂಡು ಒಂದು ಮೈಲಿ ನಡೆದು ಟ್ರಾಕ್ಟರ್ ರಿಪೇರಿ ಅಂಗಡಿಗೆ ಹೋದೆ. ಮಾಲೀಕ ಚೀಟಿ ನೋಡಿ ಸರಿಯಾದ ಬೆಲ್ಟು, ಕಂಬಿ ತೆಗೆದುಕೊಟ್ಟ. ನಿನ್ನ ಗಂಡ ಜಾಣ, ನಂಬರ್ ಬರೆದು ಕಳಿಸಿದ್ದಾನೆ ಎಂದ. ನಾನು ನಕ್ಕು ದುಡ್ಡು ಎಣಿಸಿಕೊಟ್ಟೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ತಂದ ಕಂಬಿ, ಬೆಲ್ಟು ಹಾಕಿದೆ. ನಾಲ್ಕೂ ಟಯರಿಗೆ ಸಮನಾಗಿ ಗಾಳಿ ತುಂಬಿ, ಟ್ರಾಕ್ಟರನ್ನು ಮಟ್ಟಸವಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿದೆ. ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ ಎಡ ತುದಿಯಿಂದ, ಬಲ ತುದಿಯಿಂದ ನೆಲಕ್ಕೆ ಎಷ್ಟೆಂದು ಅಳೆದೆ. ಎರಡೂ ಒಂದಾಗುವವರೆಗೆ ಕಂಬಿಯ ನಟ್ಟು ತಿರುಗಿಸಿದೆ. ಆಮೇಲೆ ಉದ್ದಕ್ಕೆ ತಿರುಗಿಸಿ, ಮುಂದಿನ ತುದಿ ಹಿಂದಿನದಕ್ಕಿಂತ ಕಾಲಿಂಚು ಕೆಳಗೆ ಬರುವಂತೆ ಹೊಂದಿಸಿದೆ. ಮೂರು ದಿನ ಹಿಡಿಯಿತು. ಅಷ್ಟು ಖುಷಿಯ ಮೂರು ದಿನ ಆ ದೇಶದಲ್ಲಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಶನಿವಾರ ಹುಲ್ಲು ಕತ್ತರಿಸಿದಾಗ ಲಾನ್ ಜಮಖಾನೆ ಹಾಸಿದಂತಾಯಿತು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಗಂಡ "ಹೂಂ, ಬೆಲ್ಟ್ ಈಗ ಸೆಟ್ ಆಗಿರಬೇಕು" ಎಂದರು. ಮರುದಿನ ಧಾರವಾಡದ ಕಡೆಯ ಡಾಕ್ಟರೊಬ್ಬರು ಮನೆಗೆ ಬಂದಿದ್ದರು.

"ಏನ್ರೀ, ಲಾನ್ ಭಾಳ ಚಂದ ಕಾಣಾಕತ್ತೇತಿ! ಯಾರ ಕಡೆ ರಿಪೇರಿ ಮಾಡಿಸಿದ್ರಿ?"

"ಯಾರ ಹತ್ರಾನೂ ಇಲ್ಲ. ನಾನೇ ಸ್ವಲ್ಪ ಅಡ್ಜಸ್ಟ್ ಮಾಡ್ದೆ" ಎಂದರು ನನ್ನ ಗಂಡ.

ಉಪ್ಪಿಟ್ಟು ಬಡಿಸುತ್ತಿದ್ದ ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಆಮೇಲೆ ಪರಿಚಯದವರ ಮನೆಗಳ ಟ್ರಾಕ್ಟರುಗಳು ನಮ್ಮ ಗ್ಯಾರೇಜಿಗೆ ಬರತೊಡಗಿದವು. ವಾರವಿಡೀ ನಾನು ಕೆಲಸ ಮಾಡುತ್ತಿದ್ದೆ, ಶನಿವಾರ ಗಂಡ ಹಿಂದಿರುಗಿಸಿ ಹೊಗಳಿಸಿಕೊಳ್ಳುತ್ತಿದ್ದರು. ಅವರು ಡೆಕ್ ಹೊಂದಿಸುತ್ತಾರೆಂಬ ಸುದ್ದಿ ರಿಪೇರಿ ಅಂಗಡಿಯ ಮಾಲೀಕನಿಗೂ ಮುಟ್ಟಿತು.

ಕೆಲವು ವರ್ಷಗಳ ನಂತರ ಪೆಟ್ರೋಲಿನ ಬೆಲೆ ಏರಿ ಕಾರುಗಳ ಮಾರಾಟ ಬಿದ್ದುಹೋಯಿತು. ಗಂಡನ ಕೆಲಸವೂ ಹೋಯಿತು. ಒಂದು ಮಧ್ಯಾಹ್ನ ಅಂಗಡಿಯ ಮಾಲೀಕನೇ ಮನೆಗೆ ಬಂದು, ಹಳೇ ಡೆಕ್ ಗುರುತು ಹಿಡಿದು ಹೊಂದಿಸುವವರು ತನಗೆ ಬೇಕಾಗಿದ್ದಾರೆ, ಬರುತ್ತೀರಾ ಎಂದು ನನ್ನ ಗಂಡನನ್ನು ಕೇಳಿದ. ಯೋಚಿಸುತ್ತೇನೆ ಎಂದು ಹೇಳಿ ಅವನನ್ನು ಕಳಿಸಿದ ಗಂಡ ಆಮೇಲೆ ನನ್ನ ಹತ್ತಿರ ರೇಗಿದರು.

"ಹುಲ್ಲಿನ ಮೆಷಿನ್ ರಿಪೇರಿ ಮಾಡೋಕಾ ನಾನು ಇಷ್ಟು ದೂರ ಬಂದಿದ್ದು?"

"ನಿಮಗೆ ಬೇಡ ಅಂದ್ರೆ ನಾನ್ ಹೋಗ್ತೀನಿ. ಮಾಡ್ತಿದ್ದಿದ್ದೂ ನಾನೇ ಅಲ್ವೇನ್ರೀ?"

"ಅವನಿಗೆ ಏನಂತ ಹೇಳ್ತೀಯ? ನನ್ನ ಮರ್ಯಾದೆ ಏನಾಗ್ಬೇಕು?"

ನಾನು ಹೋದೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮಾಲೀಕ ನಂಬಲಿಲ್ಲ, ಮೂಲೆಯಲ್ಲಿ ಬಿದ್ದಿದ್ದ, ಯಾವ ಟ್ರಾಕ್ಟರಿನದೆಂದು ಯಾರಿಗೂ ತಿಳಿಯದ ಡೆಕ್ಕೊಂದನ್ನು ತೋರಿಸಿದ. ಬ್ಲೇಡು ಎಣಿಸಿ, ಅಗಲ ಅಳೆದು, ಕಂಬಿ ಸಿಕ್ಕಿಸುವ ತೂತುಗಳನ್ನು ಅವನ ಪುಸ್ತಕಗಳ ಚಿತ್ರಗಳೊಂದಿಗೆ ಹೋಲಿಸಿ ಮಾಡೆಲ್ ಹೇಳಿದೆ. ಟ್ರಾಕ್ಟರಿಗೆ ಹಾಕಿ ಮಟ್ಟ ಮಾಡಿಯೂ ತೋರಿಸಿದೆ. ಅವನೇ ಟೇಪು ಹಿಡಿದು ನೋಡಿ ತಲೆಯಾಡಿಸಿದ. ಕೆಲಸ ಚೆನ್ನಾಗಿದೆ, ಆದರೆ ಸೀರೆ ಉಟ್ಟ ಹೆಂಗಸು ತಮ್ಮ ಮೆಷಿನ್ ಮುಟ್ಟಿದರೆ ಗಿರಾಕಿಗಳು ಒಪ್ಪುವುದಿಲ್ಲ, ಬೇಕಾದರೆ ಫೋನ್ ನೋಡಿಕೋ ಎಂದ.

ಒಪ್ಪಿಕೊಂಡೆ. ಎರಡು ವರ್ಷ ಕೌಂಟರಿನಲ್ಲಿ ಕೂತೆ. ಹೊಸದಾಗಿ ಬಂದ ಮೆಕ್ಯಾನಿಕ್ ದಿನಕ್ಕೆ ನಾಲ್ಕು ಸಲ ಎದ್ದು ಬಂದು ನನ್ನನ್ನು ಕೇಳಿಕೊಂಡು ಹೋಗುತ್ತಿದ್ದ. ಕೆಲಸ ಮುಗಿದ ಚೀಟಿಗೆ ಅವನ ಹೆಸರು ಬರೆಯುತ್ತಿದ್ದವಳೂ ನಾನೇ.

ಗಂಡ ಮನೆಯಿಂದಲೇ ಅರ್ಜಿ ಹಾಕುತ್ತಿದ್ದರು. ಒಂದು ದಿನ ಅವರ ರೆಸ್ಯೂಮೆ ಮೇಜಿನ ಮೇಲಿತ್ತು. ಕೆಲಸವಿಲ್ಲದ ಆ ಎರಡು ವರ್ಷಗಳ ಜಾಗದಲ್ಲಿ, ಗಾರ್ಡನ್ ಟ್ರಾಕ್ಟರ್ ಅಂಗಡಿಯೊಂದಕ್ಕೆ ತಾಂತ್ರಿಕ ಸಲಹೆಗಾರ ಎಂದು ಬರೆದುಕೊಂಡಿದ್ದರು.

"ಇದೇನ್ರೀ?"

"ಮನೆಗೋಸ್ಕರ ತಾನೆ? ನಿಂದೇನು ಹೋಯ್ತು?"

ಆ ರೆಸ್ಯೂಮೆಯಿಂದ ಅವರಿಗೆ ಶಿಕಾಗೋ ಕಡೆ ಕೆಲಸ ಸಿಕ್ಕಿತು. ಅಲ್ಲಿನ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿಗೆ ಹೊರಟೆವು. ಹೊರಡುವ ವಾರ ನಾನು ಅಂಗಡಿಯ ಮಾಲೀಕನ ಬಳಿ, ನನಗೆ ಡೆಕ್ಕುಗಳ ಕೆಲಸ ಗೊತ್ತೆಂದು ಒಂದು ಪತ್ರ ಬರೆದುಕೊಡಿ ಎಂದು ಕೇಳಿದೆ. ಸಂತೋಷದಿಂದಲೇ ಕೊಟ್ಟ. ಕಾರಿನಲ್ಲಿ ಕೂತು ಬಿಡಿಸಿ ಓದಿದೆ: ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಫೋನಿನಲ್ಲಿ ನಯವಾಗಿ ಮಾತಾಡುತ್ತಾಳೆ. ಅಷ್ಟೇ.

ಶಿಕಾಗೋ ಕಡೆಯದೇ ಊರಾದ ಓಕ್ ಬ್ರೂಕ್‌ನ ಆಫೀಸೊಂದರಲ್ಲಿ ಕೆಲಸ ಕೇಳಿ ಆ ಪತ್ರ ತೋರಿಸಿದೆ. ರಿಸೆಪ್ಷನಿಸ್ಟ್ ಕೆಲಸ ಕೊಟ್ಟರು. ರಿಟೈರ್ ಆಗುವವರೆಗೂ ಅದನ್ನೇ ಮಾಡಿದೆ.