ಒಂದು ಕೆಂಪು ಕಲ್ಲು, ಒಂದು ಮೈಲಿ ಬಂಡೆ

ಸಮುದ್ರದ ತಳದ ಕಲ್ಲೊಂದನ್ನು ಔರಾದಿಗೆ ಒಯ್ದು ತೋರಿಸಿದರೆ ಏನಾಗುತ್ತದೆ? ನಮ್ಮ ಮಾಣಿಕಪ್ಪ ಕಾಕಾ ಮೊದಲು ಅದನ್ನು ನೆಕ್ಕಿ ನೋಡಿದರು.

"ಕಲ್ಲು ನಮ್ದೇ ಅದ," ಅಂದರು. "ಇದಕ್ಕ ಉಪ್ಪು ಯಾರು ಹಚ್ಯಾರ?"

ಕಾಕಾ ಬಾವಿ ತೋಡುವವರು. ಬೀದರ ಸೀಮೆಯ ಕೆಂಪು ಕಲ್ಲು ಕಡಿಯುತ್ತಲೇ ತಲೆ ಬೆಳ್ಳಗಾಗಿದೆ. ನಾನು ಅವರ ಅಣ್ಣನ ಮಗ, ಭಾಲ್ಕಿಯವನು, ಡ್ರಾಫ್ಟ್ಸ್‌ಮನ್. ಹೈದರಾಬಾದಿನ ಕೈಕೆಳಗಿದ್ದಾಗ ಹೊಲಗಳ ನಕ್ಷೆ ಬರೆಯುತ್ತಿದ್ದೆ. (ಉರ್ದುವಿನಲ್ಲಿ. ಈಗಲೂ ಅವಸರ ಬಿದ್ದರೆ ಕೈ ಬಲದಿಂದಲೇ ಶುರು ಮಾಡುತ್ತದೆ.) ಮೈಸೂರು ರಾಜ್ಯ ಸೇರಿ ನಮಗೇನು ಬಂತು ಎಂದು ಕೇಳುವವರು ಬಹಳ. ಉಳಿದವರದು ಗೊತ್ತಿಲ್ಲ, ನನಗಂತೂ ಸಮುದ್ರ ಬಂತು. ಕಾರವಾರಕ್ಕೆ ಹಾಕಿದರು.

ಅಲ್ಲಿ ನಮ್ಮ ಸರ್ವೆ ಪಾರ್ಟಿಯ ಕೆಲಸ ಸಮುದ್ರದ ತಳ ನೋಡುವುದು. ದೋಣಿಯಲ್ಲೊಂದು ಮಶೀನು. ಅದು ನೀರಿನೊಳಗೆ ಸದ್ದು ಕಳಿಸುತ್ತದೆ. ಸದ್ದು ತಳಕ್ಕೆ ತಾಗಿ ಮರಳಿದಾಗ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಬಂಡೆಯಾದರೆ ಗೆರೆ ಕಡುಕಪ್ಪು, ಕೆಸರಾದರೆ ಮಸುಕು. ಅಲ್ಲಲ್ಲಿ ಎರಡು ದವಡೆಯ ಕಬ್ಬಿಣದ ಬಾಯೊಂದನ್ನೂ ಹಗ್ಗ ಕಟ್ಟಿ ಇಳಿಸುತ್ತಾರೆ. ಅದು ತಳದಿಂದ ಒಂದು ತುತ್ತು ಕಚ್ಚಿ ತರುತ್ತದೆ. ಎರಡು ತುತ್ತುಗಳ ನಡುವೆ ಏನಿದೆ? ಯಾರೂ ಕಂಡಿಲ್ಲ. ಅದನ್ನು ನಕ್ಷೆಯಲ್ಲಿ ತುಂಬುವವನು ನಾನು.

ಹೋದ ತಿಂಗಳು ಆ ಬಾಯಲ್ಲಿ ಈ ಕಲ್ಲು ಬಂತು. ಕೆಂಪಗೆ, ತೂತು ತೂತಾಗಿ, ನಮ್ಮೂರ ಗೋಡೆಯಿಂದ ಕಿತ್ತು ತಂದಂತೆ. ಊರು ಬಿಟ್ಟು ಎಂಟು ತಿಂಗಳಾಗಿತ್ತು. ಕಣ್ಣು ತುಂಬಿತು. (ಗಾಳಿಗೆ ಎಂದು ಹೇಳಿ ತಪ್ಪಿಸಿಕೊಂಡೆ.) ಆ ದಿನ ಮಶೀನಿನ ಗೆರೆ ಮಸುಕಾಗಿತ್ತು, ಕಾಗದ ಒದ್ದೆಯಾಗಿರಬೇಕು ಅಂದುಕೊಂಡೆ. ನಕ್ಷೆಯಲ್ಲಿ ಒಂದು ಮೈಲಿ ಉದ್ದಕ್ಕೆ ಬಂಡೆಯ ಗುರುತು ಹಾಕಿಬಿಟ್ಟೆ. ಬೀದರಿನಲ್ಲಿ ಈ ಕಲ್ಲು ಒಂದು ಕಡೆ ಸಿಕ್ಕರೆ ಮೈಲಿಗಟ್ಟಲೆ ಇರುತ್ತದೆ. ಸಮುದ್ರದಲ್ಲಿ ಬೇರೆ ಏಕಿದ್ದೀತು?

ಆ ಮೈಲಿಗೆ ಗುಡ್ಡದ ಮರೆಯಿದೆ, ಗಾಳಿ ಎದ್ದಾಗ ಮೀನುಗಾರರ ದೋಣಿಗಳು ಅಲ್ಲೇ ಲಂಗರು ಹಾಕುತ್ತವೆ. ಲಂಗರು ಕೆಸರಿನಲ್ಲಿ ಕಚ್ಚಿ ನಿಲ್ಲುತ್ತದೆ, ಬಂಡೆಯ ಮೇಲೆ ಜಾರುತ್ತದೆ. ಬಂಡೆ ಇದ್ದರೆ ಅಲ್ಲಿ ಲಂಗರು ಹಾಕುವುದನ್ನು ನಿಲ್ಲಿಸಿ, ದೋಣಿಗಳನ್ನು ಗುಡ್ಡದ ಮರೆಯಿಲ್ಲದ ಬದಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ನಮ್ಮ ದೋಣಿ ನಡೆಸುವ ಮುದುಕ, ತನ್ನಪ್ಪನ ಕಾಲದಿಂದ ಲಂಗರು ಅಲ್ಲೇ ನಿಂತಿದೆ ಎಂದು ಗೊಣಗಿದ. ಗೊಣಗಾಟಕ್ಕೆ ನಕ್ಷೆಯಲ್ಲಿ ಗುರುತಿಲ್ಲವಲ್ಲ! ನಮ್ಮ ಆಫೀಸಿನ ಸಾಹೇಬರು ಸೋಮವಾರ ನಕ್ಷೆಗೆ ಸಹಿ ಹಾಕುವವರಿದ್ದರು. ನಾನು ರಜೆ ಪಡೆದು, ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಊರ ಕಡೆ ಬಂದು, ಔರಾದಿನಲ್ಲಿ ಕಾಕಾನ ಮನೆಗೆ ಹೋದೆ.

ಇಷ್ಟೆಲ್ಲ ಕೇಳಿದ ಮೇಲೆ ಕಾಕಾ ಕಲ್ಲನ್ನು ಕೆಳಗಿಟ್ಟರು. "ಇದರ ಜೋಡಿ ಮಣ್ಣು ಎಷ್ಟು ಬಂತು?"

"ಮಣ್ಣು ಬರ್ಲಿಲ್ರಿ ಕಾಕಾ. ಬರೇ ಕಲ್ಲು."

"ಮ್ಯಾಲ ಬರೂ ಮುಂದ ಅದರ ಬಾಯಿ ಮುಚ್ಚಿತ್ತೇನು?"

ನೆನಪು ಮಾಡಿಕೊಂಡೆ. "ಇಲ್ರಿ. ನಡುವ ಈ ಕಲ್ಲು ಸಿಕ್ಕೊಂಡಿತ್ತು."

ಕಾಕಾ ಬೀಡಿ ಹಚ್ಚಿದರು. "ಬಾಯಿ ತೆರೆದಿದ್ರ ರಾಡಿ ಒಳಗ ಹ್ಯಾಂಗ ನಿಲ್ತದ? ಅಷ್ಟು ನೀರಾಗಿಂದ ಎಳದೀರಿ, ಎಲ್ಲಾ ತೊಳಕೊಂಡು ಹೋಗ್ಯಾದ. ಗುಂಡುಕಲ್ಲು ಒಂದು ಉಳದಾದ. ಬಾವ್ಯಾಗ ಒಂದು ಗುಂಡು ಸಿಕ್ರ ನಾ ಮಾಲಕರಿಗಿ ಹಾಸಗಲ್ಲು ಹತ್ತಿತು ಅಂತ ಹೇಳ್ತೇನಿ ಏನು? ನಾಕೂ ಬಾಜೂ ಹಾರೆ ಹೊಡದು ನೋಡ್ತೇನಿ. ನೀ ಸಾಲಿ ಕಲ್ತವ, ನೋಡ್ಬೇಕಿಲ್ಲೋ?"

ನಾನು ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಮಸುಕು ಗೆರೆ, ಆ ಮುದುಕ, ಎರಡೂ ಒಟ್ಟಿಗೆ ನೆನಪಾದವು. ಹೆದರಿಕೆಯಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

ಮರುದಿನ ಶನಿವಾರ. ಮೊದಲ ಬಸ್ಸಿಗೆ ಬೀದರಿಗೆ ಹೋಗಿ, ತಂತಿ ಕಚೇರಿಯಲ್ಲಿ ಸಾಹೇಬರಿಗೆ ತಾರು ಬರೆದುಕೊಟ್ಟೆ: ನಕ್ಷೆಗೆ ಸಹಿ ಬೇಡ, ಬಂಡೆ ನನ್ನ ತಪ್ಪು, ಮತ್ತೆ ಅಳೆಯಬೇಕು. ಕ್ಲಾರ್ಕು ಎರಡು ಸಲ ಓದಿದ.

"ಬಂಡೆ ನಿಮ್ಮ ತಪ್ಪು ಹ್ಯಾಂಗ ಆಗ್ತದರಿ?"

"ನಾನೇ ಹುಟ್ಟಿಸೀನ್ರಿ," ಅಂದೆ. ಆತ ಶಬ್ದ ಎಣಿಸತೊಡಗಿದ.

ರಜೆ ಮುಗಿಸಿ ಹೋಗುವಷ್ಟರಲ್ಲಿ ಮತ್ತೆ ಅಳೆದಿದ್ದರು. ಐದು ಕಡೆ ಬಾಯಿ ಇಳಿಸಿದ್ದರು, ಐದೂ ಕಡೆ ಕೆಸರು. ದೋಣಿಗಳು ಇದ್ದಲ್ಲೇ ಉಳಿದವು. ಮುದುಕ ನನಗೆ ಚಹಾ ಕುಡಿಸಿದ. ಸಾಹೇಬರು ಬೈಯಲಿಲ್ಲ. (ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.) ಫೈಲಿನಲ್ಲಿ ತಣ್ಣಗೆ ಒಂದು ಷರಾ ಬರೆದರು: ಬೀದರ ಕಡೆಯವರು ಈ ಕೆಲಸಕ್ಕೆ ತಕ್ಕವರಲ್ಲ.

ತಪ್ಪು ನನ್ನದು, ನೂರು ಸಲ ಒಪ್ಪುತ್ತೇನೆ. ಆದರೆ ಆ ಆಫೀಸಿನಲ್ಲಿ ಬೀದರಿನವನು ನಾನೊಬ್ಬನೇ. ಉಳಿದ ಬೀದರನ್ನು ಸಾಹೇಬರು ಯಾವಾಗ ಅಳೆದು ನೋಡಿದರು?