ದೇವರಿಗೆ ಏರಿಸಿದ ಹೂವಿನ ಗಿಡ

ನಮ್ಮೂರ ಕೆರೆಗೆ ಆ ಕಳೆಯನ್ನು ಬಿಟ್ಟವನು ನಾನು. ಶೀನಪ್ಪ ಅಲ್ಲ. ಅದು ಅವನ ಮೀನುಮರಿಗಳ ಜೊತೆಗೆ ಬಂದದ್ದಲ್ಲ, ಹಕ್ಕಿಯ ಕಾಲಿಗೆ ಅಂಟಿಕೊಂಡು ಬಂದದ್ದಲ್ಲ, ಕಲಿಯುಗದ ಮಹಿಮೆಯೂ ಅಲ್ಲ. ನಾನು — ಕೆರೆ ಸಂರಕ್ಷಣಾ ಸಮಿತಿಯ ಸ್ಥಾಪಕಾಧ್ಯಕ್ಷ, ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸೀಟಿ ಊದುವವನು — ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಕೆರೆಯ ಮೆಟ್ಟಿಲಲ್ಲಿ ಕೂತು ನನ್ನ ಎರಡೂ ಕೈಯಿಂದ ಅದನ್ನು ನೀರಿಗೆ ಬಿಟ್ಟೆ. ಬಿಟ್ಟು ಕೈಯನ್ನೂ ಮುಗಿದೆ.

ಸ್ವಸ್ಥಚಿತ್ತ, ಒತ್ತಾಯ — ಇಂಥ ಮಾತುಗಳು ನನ್ನ ಪೆನ್ನಿಗೆ ತಾವಾಗಿಯೇ ಬರುತ್ತವೆ. ಪುತ್ತೂರಿನಲ್ಲಿ ಮೂವತ್ತೈದು ವರ್ಷ ದಸ್ತಾವೇಜು ಬರೆದು ಹೊಟ್ಟೆ ಹೊರೆದವನು ನಾನು. ಮೂಡಲಿಗೆ ಇಂಥವರ ತೋಟ, ಪಡುವಲಿಗೆ ತೋಡು ಎಂದು ಎಷ್ಟು ಜನರ ಜಾಗದ ಗಡಿ ಬರೆದಿದ್ದೇನೋ. ನನ್ನ ತಪ್ಪಿನ ಗಡಿ ಎಲ್ಲಿಂದ ಎಲ್ಲಿಗೆ ಎಂದು ಬರೆಯಲು ಹೊರಟರೆ ಮಾತ್ರ — ನಾಲ್ಕು ದಿನವಾಯಿತು, ಕೂರುತ್ತೇನೆ, ಏಳುತ್ತೇನೆ, ಅಂಗಳಕ್ಕೆ ಹೋಗಿ ಸುಮ್ಮನೆ ನಿಂತು ಮತ್ತೆ ಬಂದು ಕೂರುತ್ತೇನೆ.

ಇದು ಶುರುವಾದದ್ದು ಸಂಪಾಜೆಯಲ್ಲಿ. ಅಲ್ಲಿ ನನ್ನ ಹೆಂಡತಿ ಶಾರದೆಯ ತಂಗಿಯ ಮನೆಯುಂಟು. ಅವಳ ಅಂಗಳದ ಸಿಮೆಂಟಿನ ತೊಟ್ಟಿಯಲ್ಲಿ ಒಂದು ಗಿಡ ತೇಲುತ್ತಿತ್ತು. ಉಬ್ಬಿದ ತೊಟ್ಟು, ಹೊಳೆಯುವ ಎಲೆ, ನಸುನೇರಳೆ ಹೂವು. ಮೇಲಿನ ಎಸಳಿನಲ್ಲಿ ನವಿಲಿನ ಕಣ್ಣಿನಂಥ ಹಳದಿ ಬೊಟ್ಟು. ಶಾರದೆ ಅದರ ಎರಡು ಗಿಡಗಳನ್ನು ಸ್ಟೀಲಿನ ತೂಕುಪಾತ್ರೆಯಲ್ಲಿ ನೀರು ಹಾಕಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು, ನಮ್ಮ ಅಂಗಳದ ಪ್ಲಾಸ್ಟಿಕ್ ತೊಟ್ಟಿಗೆ ಬಿಟ್ಟಳು. ಜನ ಅದನ್ನು ಅಂತರಗಂಗೆ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಆ ಕಳೆಗೆ ಗಂಗೆಯ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನೂ ನನ್ನ ಹಾಗೆಯೇ ಕೈ ಮುಗಿಯುವ ಜಾತಿಯವನಿರಬೇಕು.

ಮೊದಲ ಹೂ ಬಿಟ್ಟ ದಿನ ಶಾರದೆ ಅದನ್ನು ದೇವರಿಗೆ ಏರಿಸಿದಳು. ಅಲ್ಲಿಗೆ ಅದು ಗಿಡವಾಗಿ ಉಳಿಯಲಿಲ್ಲ. ದೇವರ ಹೂವಿನ ಗಿಡವಾಯಿತು. ನಮ್ಮಲ್ಲಿ ದೇವರಿಗೆ ಏರಿಸಿ ಇಳಿಸಿದ ಹೂವನ್ನು ಕಾಲು ತಾಗುವಲ್ಲಿ ಹಾಕುವುದಿಲ್ಲ. ತೆಂಗಿನ ಬುಡಕ್ಕೆ ಹಾಕಬೇಕು, ಇಲ್ಲ ನೀರಿಗೆ ಬಿಡಬೇಕು. ಕೆರೆಯ ಸುತ್ತಿನ ಹದಿನಾಲ್ಕು ಮನೆಯವರೂ ಅಜ್ಜನ ಕಾಲದಿಂದ ಹೂವನ್ನು ಕೆರೆಗೇ ಬಿಟ್ಟವರು. ಕೆರೆ ಎಲ್ಲವನ್ನೂ ನುಂಗಿಕೊಂಡಿತ್ತು — ದಾಸವಾಳ, ಕೇಪಳ, ತುಳಸಿ.

ಎರಡು ಗಿಡ ಇಪ್ಪತ್ತಾಯಿತು. ತೊಟ್ಟಿ ತುಂಬಿ ಸೊಳ್ಳೆ ಬಂತು. ನವರಾತ್ರಿ ಮುಗಿದ ಮರುದಿನ ಶಾರದೆ ಹೇಳಿದಳು: "ಎರಡು ಇರಲಿ, ಉಳಿದದ್ದನ್ನು ತೆಗೀರಿ. ದೇವರಿಗೆ ಹೂ ಕೊಟ್ಟ ಗಿಡ ಅದು, ಮೆಟ್ಟುವ ಜಾಗದಲ್ಲಿ ಬಿಸಾಡಬೇಡಿ."

ಬಿಸಿಲಿಗೆ ಹರಡಿದ್ದರೆ ಎರಡು ದಿನದಲ್ಲಿ ಒಣಗಿ ಕಡ್ಡಿಯಾಗುತ್ತಿತ್ತು. ನಾನು ಶ್ರದ್ಧಾವಂತ. ಒಂಬತ್ತು ದಿನದ ಹೂವಿನ ಬುಟ್ಟಿಯಲ್ಲೇ ಗಿಡಗಳನ್ನೂ ತುಂಬಿಕೊಂಡು ಹೋಗಿ, ಒಂದೊಂದನ್ನಾಗಿ — ಬುಡ ಮೇಲಾಗದ ಹಾಗೆ, ಮೆಲ್ಲಗೆ — ನೀರಿಗೆ ಇಳಿಸಿದೆ. ಅವು ಸಾಲಾಗಿ ತೇಲಿ ಹೋದ ಚಂದವನ್ನು ನೋಡುತ್ತಾ ನಿಂತದ್ದು ನೆನಪುಂಟು. ಮನೆಗೆ ಬಂದು ನೋಡಿದರೆ ತೀರ್ಥ ಕೊಡುವ ತಾಮ್ರದ ಉದ್ಧರಣೆ ಕಾಣೆ. ಶಾರದೆಯ ತವರಿನವರು ಅವಳ ಹೆಸರು ಕೊರೆಸಿ ಕೊಟ್ಟದ್ದು. ಅವಳು ವಾರಗಟ್ಟಲೆ ಹುಡುಕಿದಳು. ಹೂವಿನ ಜೊತೆ ಬುಟ್ಟಿಯಲ್ಲಿ ಹೋಗಿರಬಹುದೆಂದು ನನಗೆ ಅನಿಸಿತ್ತು. ಹೇಳಲಿಲ್ಲ. ಹೇಳದೆ ಇರುವ ಅಭ್ಯಾಸ ಅಷ್ಟು ಸಣ್ಣದರಿಂದ ಶುರುವಾಯಿತು.

ಮರುವರ್ಷದ ಬೇಸಿಗೆಗೆ ಕೆರೆ ಅರ್ಧ ಮುಚ್ಚಿತು. ಅದರ ಮುಂದಿನ ವರ್ಷ ನೀರು ಕಾಣುವುದೇ ನಿಂತಿತು. ಪಂಪಿಗೆ ಬೇರು ಸಿಕ್ಕಿಕೊಂಡಿತು, ಮೆಟ್ಟಿಲ ಬಳಿ ಕೊಳೆತ ವಾಸನೆ. ದಡದ ಮನೆಯವರೆಲ್ಲ ಶಾಲೆಯ ಜಗಲಿಯಲ್ಲಿ ಸೇರಿ ಸಮಿತಿ ಮಾಡಿದೆವು. ಅಧ್ಯಕ್ಷ ಯಾರಾಗಬೇಕೆಂಬ ಗಹನ ಪ್ರಶ್ನೆ ಎದ್ದಾಗ, ಅಕ್ಷರ ಒಳ್ಳೆಯದುಂಟು ಎಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ಆರಿಸಿದರು. ನಾನು ವಿನಯದಿಂದ ಎರಡು ಸಲ ಬೇಡ ಎಂದೆ. ಮೂರನೆಯ ಸಲ ಹೇಳಿದ್ದರೆ — ಇರಲಿ. ಹೇಳಲಿಲ್ಲ.

ಮೊದಲ ಭಾನುವಾರ, ಅಡಿಕೆ ಕೊಯ್ಯುವ ಉದ್ದನೆಯ ದೋಟಿಗಳನ್ನು ಹಿಡಿದುಕೊಂಡು ನಾವು ದಡದಿಂದ ಕಳೆಯನ್ನು ಎಳೆಯುತ್ತಿದ್ದೆವು. ಹೆಂಗಸರು ಅದನ್ನು ಅಡಿಕೆ ಹಾಳೆಯ ಮೇಲೆ ಹಾಕಿ ದೂರದ ಪಾರೆಕಲ್ಲಿನ ಬಿಸಿಲಿಗೆ ಎಳೆದೊಯ್ಯುತ್ತಿದ್ದರು. ಶಾರದೆ ಒಂದು ಗಿಡವನ್ನು ಎತ್ತಿ ಅದರ ಹೂವನ್ನು ನೋಡಿದಳು. ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಈ ಹೂ ನಮ್ಮದೇ ಅಲ್ವಾ?"

"ಪ್ರಪಂಚದಲ್ಲಿ ನೇರಳೆ ಹೂ ನಮ್ಮಲ್ಲಿ ಮಾತ್ರ ಇರುದಾ?" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಆದರೆ ಮರುದಿನ ನೋಡುತ್ತೇನೆ, ನಮ್ಮ ತೊಟ್ಟಿ ಅಂಗಳದಿಂದ ಬಚ್ಚಲುಕೊಟ್ಟಿಗೆಯ ಹಿಂದಕ್ಕೆ ಹೋಗಿತ್ತು, ಯಾರ ಕಣ್ಣಿಗೂ ಬೀಳದಲ್ಲಿಗೆ. ಆ ಹೂವನ್ನು ದೇವರಿಗೆ ಏರಿಸುವುದನ್ನೂ ಅವಳು ನಿಲ್ಲಿಸಿದಳು.

ಇನ್ನು ಶೀನಪ್ಪ. ಪಂಚಾಯತಿನಿಂದ ಕೆರೆಯನ್ನು ಗುತ್ತಿಗೆಗೆ ಹಿಡಿದು ಮೀನು ಸಾಕುತ್ತಿದ್ದವನು. ಡ್ರಮ್ಮುಗಳನ್ನು ಕಟ್ಟಿ ಮಾಡಿದ ತೆಪ್ಪದಲ್ಲಿ ಕೆರೆಯ ನಡುವಿಗೆ ಹೋಗಬಲ್ಲವನು ಅವನೊಬ್ಬನೇ. ಖಾಲಿ ಕ್ಯಾನುಗಳನ್ನು ಹಗ್ಗಕ್ಕೆ ಪೋಣಿಸಿ, ಕಳೆಯನ್ನು ಸುತ್ತುವರಿದು ದಡಕ್ಕೆ ಎಳೆಯುವ ಉಪಾಯವೂ ಅವನದ್ದೇ. ಸಮಿತಿಯ ಹೆಸರಿನಲ್ಲಿ ಅದಕ್ಕೆ ಚಪ್ಪಾಳೆ ಸ್ವೀಕರಿಸಿದವನು ನಾನು.

ನಾಲ್ಕನೆಯ ಸಭೆಯಲ್ಲಿ, ಈ ಕಳೆ ಎಲ್ಲಿಂದ ಬಂತು ಎಂಬ ಮಾತು ಬಂತು. ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಮೀನು ತಿನ್ನದವರು. ಮೀನಿನ ಮೇಲೆ ತಪ್ಪು ಹೊರಿಸಲು ಅವರಿಗೆ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ. ತಿನ್ನುವ ಐದು ಮನೆಯವರಿಗೆ ಶೀನಪ್ಪನ ತಕ್ಕಡಿಯ ಬಗ್ಗೆ ಹಳೆಯ ಸಂಶಯವಿತ್ತು. ಹೀಗೆ ನ್ಯಾಯಪೀಠ ಪೂರ್ಣವಾಯಿತು.

ಶೀನಪ್ಪ ಎದ್ದು ನಿಂತ. "ನನ್ನ ಮರಿ ಬರುದು ಬಾಯಿ ಕಟ್ಟಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಾರಾಯ್ರೆ. ನೀರು, ಗಾಳಿ, ಮೀನು — ಬೇರೆ ಎಂತ ಉಂಟು ಅದರಲ್ಲಿ? ಈ ಸೊಪ್ಪಿನ ಅಡಿಯಲ್ಲಿ ಉಸಿರು ಕಟ್ಟಿ ಸತ್ತದ್ದು ನನ್ನದೇ ಮೀನು. ನಾನೇ ತಂದು ಹಾಕುದಾ?"

"ಹಾಗಾದ್ರೆ ಆಕಾಶದಿಂದ ಬಿತ್ತಾ?" ಎಂದರು ಸರಸಕ್ಕ. ಭಾನುವಾರದ ಹಾಜರಿ ಪುಸ್ತಕ ಇಡುವವರು ಅವರು. ಬಾರದವರ ಮನೆಗೇ ಹೋಗಿ ಕಾರಣ ಕೇಳುವವರು. "ನಾವು ಯಾರೂ ಕೆರೆಗೆ ಒಂದು ಹೂ ಬಿಟ್ಟು ಬೇರೆ ಎಂತದೂ ಹಾಕಿದವರಲ್ಲ."

ಎಲ್ಲರೂ ಹೌದು ಹೌದು ಎಂದರು. ಆಗ ಶೀನಪ್ಪ ನನ್ನ ಕಡೆಗೆ ತಿರುಗಿದ.

"ನೀವು ಒಂದು ಹೇಳಿ ರಾಯರೇ. ನೀವು ಹೇಳಿದರೆ ನಾನು ಒಪ್ತೇನೆ."

ಅವನ ಧ್ವನಿಯಲ್ಲಿ ಸವಾಲಿರಲಿಲ್ಲ. ನಂಬಿಕೆಯಿತ್ತು. ಅವನ ಅಪ್ಪನ ಜಾಗದ ದಸ್ತಾವೇಜು ಬರೆದವನು ನಾನು. ರಾಯರು ಬರೆದದ್ದರಲ್ಲಿ ತಪ್ಪಿಲ್ಲ ಎಂದು ಅವರ ಮನೆಯಲ್ಲಿ ಮಾತು.

ನಾನು ಕನ್ನಡಕ ತೆಗೆದು ಒರೆಸಿದೆ. ಒರೆಸಿ ಹೇಳಿದೆ: "ಇದ್ದರೂ ಇರಬಹುದು, ಶೀನಪ್ಪ."

ಅಷ್ಟೇ. ಯಾವ ಕೋರ್ಟಿನಲ್ಲೂ ಸುಳ್ಳೆಂದು ಸಾಬೀತಾಗದ ಮಾತು. ಅವನು "ಆಯ್ತು" ಎಂದು ಕೂತ.

ಮೀನು ಸಾಕಣೆಯಿಂದ ಕೆರೆಗೆ ಬಾಧೆ ಉಂಟಾಗಿರುವುದರಿಂದ ಗುತ್ತಿಗೆಯನ್ನು ಮುಂದುವರಿಸಬಾರದು ಎಂಬ ನಿರ್ಣಯವನ್ನು ನಾನೇ ಬರೆದೆ. ಚಂದದ ಅಕ್ಷರದಲ್ಲಿ ಬರೆದೆ. ಹದಿನಾಲ್ಕು ಮನೆಯ ಸಹಿ ನೋಡಿದ ಮೇಲೆ ಪಂಚಾಯತಿನವರು ಬೇರೆ ಏನು ಮಾಡಿಯಾರು? ಅವನ ಗುತ್ತಿಗೆ ಹೋಯಿತು. ಈಗ ಕಡಬದ ಕಡೆ ರಬ್ಬರು ಟ್ಯಾಪಿಂಗಿಗೆ ಹೋಗುತ್ತಾನೆ.

ಆದರೂ ಭಾನುವಾರ ಬಂದ. ಮುಂದಿನ ಭಾನುವಾರವೂ ಬಂದ. ಐದು ವರ್ಷ, ನೆಂಟರಲ್ಲಿ ಮದುವೆ ಇದ್ದ ದಿನ ಬಿಟ್ಟರೆ, ಒಂದೂ ತಪ್ಪಿಸಲಿಲ್ಲ — ಸರಸಕ್ಕನ ಪುಸ್ತಕವೇ ಸಾಕ್ಷಿ. ಯಾಕೆ ಬರುತ್ತೀ ಎಂದು ಯಾರೋ ಕೇಳಿದ್ದಕ್ಕೆ, "ಕೆರೆ ನನಗೆ ಎಂತ ಮಾಡಿದೆ, ಪಾಪ" ಎಂದನಂತೆ. ಅವನು ತೆಪ್ಪ ಇಳಿಸುವಾಗ ದಡದಲ್ಲಿ ಒಂದು ತಮಾಷೆ ನಡೆಯುತ್ತಿತ್ತು: "ತಂದವನೇ ಕೀಳಲಿ, ಅದೇ ನ್ಯಾಯ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ — ಎಲ್ಲರಿಗಿಂತ ಸ್ವಲ್ಪ ಜೋರಾಗಿ. ಆ ನಗುವೇ ಈಗ ನನ್ನನ್ನು ಕೂರಗೊಡುವುದಿಲ್ಲ.

ಈ ಬೇಸಿಗೆಯಲ್ಲಿ ಕೆರೆ ತಿಳಿಯಾಯಿತು. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದಂತೆ, ಕಾವಲು ಬಿಡುವ ಹಾಗಿಲ್ಲ. ಆದರೂ ನಡುವಿನ ನೀರಿನಲ್ಲಿ ಮತ್ತೆ ಆಕಾಶ ಕಾಣುತ್ತದೆ. ಈ ಸಂತೋಷಕ್ಕೆ ಸಮಿತಿಯವರು ನಾಳೆ, ಭಾನುವಾರ, ಕೆಲಸ ಮುಗಿದ ಮೇಲೆ ಅಧ್ಯಕ್ಷರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಹಾರ ಸೇವಂತಿಗೆಯದ್ದಂತೆ, ನೇರಳೆ ಹೂವಿನದ್ದಾಗಿದ್ದರೆ ಇನ್ನೂ ಒಪ್ಪುತ್ತಿತ್ತು.

ಸನ್ಮಾನದ ಸುದ್ದಿ ಬಂದದ್ದು ಕಳೆದ ಭಾನುವಾರ. ಅದೇ ದಿನ ಮೆಟ್ಟಿಲ ಬುಡದ ಕೆಸರಿನಿಂದ ಕೊನೆಯ ಗಿಡಗಳನ್ನು ಕೀಳುತ್ತಿದ್ದ ಶೀನಪ್ಪ ನನ್ನನ್ನು ಬದಿಗೆ ಕರೆದ. ಲುಂಗಿಯ ತುದಿಯಲ್ಲಿ ಏನನ್ನೋ ಉಜ್ಜಿ ಉಜ್ಜಿ ನನ್ನ ಕೈಗಿಟ್ಟ. ತಾಮ್ರದ ಉದ್ಧರಣೆ. ಹಿಡಿಯ ಮೇಲೆ, ಹಸಿರುಗಟ್ಟಿದ್ದರೂ ಓದಲು ಬರುವ ಹಾಗೆ, ಶಾರದಾ.

"ಅಕ್ಕನದ್ದಲ್ವಾ ರಾಯರೇ? ಬೇರಿನಲ್ಲಿ ಸಿಕ್ಕಿಕೊಂಡಿತ್ತು. ಹೂ ಬಿಡುವಾಗ ಜಾರಿದ್ದಿರಬೇಕು."

ಅವನ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ — ಅಥವಾ ಎಲ್ಲವೂ ಇತ್ತು, ನನಗೆ ಓದಲು ಬರಲಿಲ್ಲ. ಅವನಿಗೆ ಗೊತ್ತುಂಟಾ? ಈಗ ಗೊತ್ತಾದದ್ದಾ, ಮೊದಲೇ ಗೊತ್ತಿತ್ತಾ? ಈ ಪ್ರಶ್ನೆಯನ್ನು ಎಷ್ಟೋ ಸಲ ತಿರುಗಿಸಿ ಹಾಕಿದೆ. ಕೊನೆಗೆ ಹೊಳೆದದ್ದು, ಇದೂ ನನ್ನ ಹಳೆಯ ಚಾಳಿಯೇ. ಅವನಿಗೆ ಗೊತ್ತಿದ್ದರೆ ಹೇಳಬೇಕಾಗಿಲ್ಲ, ಗೊತ್ತಿಲ್ಲದಿದ್ದರೆ ಹೇಳದೆ ನಡೆಯುತ್ತದೆ ಎಂದು ಲೆಕ್ಕ ಹಾಕುವ ಚಾಳಿ. ಅವನಿಗೆ ಗೊತ್ತಿರುವುದು ಬಿಡುವುದು ಅವನದ್ದು. ಹೇಳಬೇಕಾದದ್ದು ನನ್ನದು.

ಅದಕ್ಕೇ ಈ ಬರವಣಿಗೆ. ನಾಳೆ ಶಾಲು ಹೊದೆಸುವ ಮೊದಲು ಇದನ್ನು ಓದುತ್ತೇನೆ. ಜೊತೆಗೆ ಇನ್ನೊಂದು ನಿರ್ಣಯವನ್ನೂ ಬರೆದಿಟ್ಟಿದ್ದೇನೆ: ಕಳೆ ತಂದವನು ನಾನು, ಶೀನಪ್ಪ ನಿರ್ದೋಷಿ, ಗುತ್ತಿಗೆಯನ್ನು ಅವನಿಗೆ ಮರಳಿ ಕೊಡಬೇಕು, ಅಧ್ಯಕ್ಷ ಸ್ಥಾನದಿಂದ ನನ್ನನ್ನು ಇಳಿಸಬೇಕು. ಗುತ್ತಿಗೆ ಮರಳಿ ಸಿಕ್ಕೀತು ಎಂಬ ಭರವಸೆಯಿಲ್ಲ. ಸಿಕ್ಕಿದರೂ ನಡುವಿನ ಐದು ವರ್ಷ, ಆ ನಗು — ಅದನ್ನು ಯಾವ ನಿರ್ಣಯದಲ್ಲಿ ಮರಳಿಸುವುದು?

ಆದರೆ ಸಭೆಗಿಂತ ಮೊದಲು ಅವನಿಗೆ ಹೇಳಬೇಕು. ತೆಪ್ಪದ ಹಗ್ಗ ಬಿಚ್ಚಲು ಅವನು ಆರೂವರೆಗೇ ಕೆರೆಗೆ ಬರುತ್ತಾನೆ. ನಾನು ಆರಕ್ಕೆ ಹೋಗಿ ಅದೇ ಮೆಟ್ಟಿಲಲ್ಲಿ ಕೂತಿರುತ್ತೇನೆ. ಸೀಟಿ ತಗೊಂಡು ಹೋಗುವುದಿಲ್ಲ.

ಇಷ್ಟು ಬರೆದು ಈ ಮಧ್ಯಾಹ್ನ ಬಚ್ಚಲುಕೊಟ್ಟಿಗೆಯ ಹಿಂದಕ್ಕೆ ಹೋದೆ. ಹೌದು, ತೊಟ್ಟಿ ಅಲ್ಲೇ ಉಂಟು. ಐದು ವರ್ಷ ಊರ ಕಳೆ ಕೀಳಿಸಿದವನ ಮನೆಯಲ್ಲಿ ಅದರ ತಾಯಿಗಿಡ ಹೂ ಬಿಡುತ್ತಲೇ ಇತ್ತು. ಇದನ್ನೂ ನಾಳೆ ಓದಬೇಕು. ಎಲ್ಲವನ್ನೂ ಕಿತ್ತು ತಂದು ಅಂಗಳದ ನಡುವೆ, ಹೋಗಿ ಬರುವ ದಾರಿಯಲ್ಲೇ, ಬೇರು ಮೇಲಾಗಿ ಬಿಸಿಲಿಗೆ ಹರಡಿದೆ. ಒಂದರಲ್ಲಿ ಹೂವಿತ್ತು.

ಶಾರದೆ ಕೊಡಪಾನ ಹಿಡಿದುಕೊಂಡು ಬಂದವಳು ನಿಂತಳು. ಗಿಡಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವಳು ಸುತ್ತು ಬಳಸದೆ, ಅವುಗಳ ಮೇಲೆಯೇ ಕಾಲಿಟ್ಟು ನಡೆದು ಒಳಗೆ ಹೋದಳು.