ತಿವಿದರೆ ಮಡಚಿಕೊಳ್ಳುವ ಚಾಕು

ಬೀದಿಯವರೆಲ್ಲ ಆಕೆಯನ್ನು ಚೂರಿಯಮ್ಮ ಎಂದೇ ಕರೆಯುತ್ತಿದ್ದರು. ಮಡಚುವ ಚಾಕು ಮಾಡುವ, ಹಳೆಯದನ್ನು ರಿಪೇರಿ ಮಾಡುವ, ಸಾಣೆ ಹಿಡಿಯುವ ಆ ಇಕ್ಕಟ್ಟಿನ ಅಂಗಡಿ ಆಕೆಯ ಮಾವನದು. ಮಗನ ಕೈಗೆ ಹತ್ತದ ಕೆಲಸ ಸೊಸೆಯ ಕೈಗೆ ಹತ್ತಿತ್ತು. "ಇವಳ ನಾಲಿಗೆ ಮುಂದೆ ಇವಳು ಮಾಡೋ ಚಾಕೆಲ್ಲ ಮೊಂಡು" ಎಂದು ಗಂಡ ನೆಂಟರ ಮುಂದೆ ನಗಾಡುತ್ತಿದ್ದ.

ಎಲ್ಲಿಗೆ ಹೋದರೂ ಆಕೆಯ ಬಳಿ ಒಂದು ಚಾಕು ಇರುತ್ತಿತ್ತು. ಕೊಂಬಿನ ಹಿಡಿ, ಬೆರಳುದ್ದದ ಅಲಗು. ಹಣ್ಣು ಹೆಚ್ಚಲು, ಪಾರ್ಸಲ್ಲಿನ ದಾರ ಕತ್ತರಿಸಲು, ಮೊಮ್ಮಗಳ ಪೆನ್ಸಿಲ್ ಹೆರೆಯಲು, ಕಾಲಿಗೆ ಹೊಕ್ಕ ಮುಳ್ಳು ತೆಗೆಯಲು ಅದೇ ಆಗಬೇಕು. ಬಸ್ಸಿನಲ್ಲಿ ಯಾರಾದರೂ ಹಗ್ಗದ ಗಂಟು ಬಿಚ್ಚಲಾಗದೆ ಒದ್ದಾಡುತ್ತಿದ್ದರೆ "ಕೊಡಿ ಇಲ್ಲಿ" ಎಂದು ಕೈ ಚಾಚುತ್ತಿದ್ದಳು. ಮಡಚುವಾಗಿನ ಸದ್ದು ಕೇಳಿಯೇ ಚಾಕುವಿನ ಆರೋಗ್ಯ ಹೇಳಬಲ್ಲವಳು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬ ಬಂದ. ಎರಡು ಬೀದಿಯಾಚೆ ಅಣ್ಣನ ಜೊತೆ ಸೇರಿ ಚರ್ಮದ ಚೀಲ ಹೊಲಿಯುವವನು, ಮುಖಪರಿಚಯವಿತ್ತು. ಒಂದು ಹಳೆಯ ಮಡಚುಚಾಕನ್ನು ಬೆಂಚಿನ ಮೇಲಿಟ್ಟ.

"ಇದು ಮಡಚದ ಹಾಗೆ ಮಾಡಿಕೊಡಿ ಅಮ್ಮ."

"ಮಡಚದೆ ಇದ್ರೆ ಜೇಬಲ್ಲಿ ಹೇಗಪ್ಪ ಇಟ್ಕೋತೀಯ?"

"ಜೇಬಿಗೆ ಬೇಡ. ಜೋರಾಗಿ ತಿವಿದ್ರೆ ಈಗ ಮಡಚಿಕೊಳ್ಳುತ್ತಾ?"

ಚೂರಿಯಮ್ಮನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಹಣ್ಣು ಕೊಯ್ಯುವವರಾಗಲಿ, ಚರ್ಮ ಕತ್ತರಿಸುವವರಾಗಲಿ ಆ ಪ್ರಶ್ನೆ ಕೇಳಿದ್ದಿಲ್ಲ. ತಲೆಯೆತ್ತಿ ನೋಡಿದಳು. ಅವನು ನಿದ್ದೆಗೆಟ್ಟಿದ್ದ. ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು.

"ಮಡಚಿಕೊಳ್ಳುತ್ತೆ. ನಿನ್ನ ಬೆರಳ ಮೇಲೇ ಮಡಚಿಕೊಳ್ಳುತ್ತೆ. ಇದಿರೋದು ಕೊಯ್ಯೋಕೆ, ತಿವಿಯೋಕಲ್ಲ."

"ಅದಕ್ಕೇ ಹೇಳಿದ್ದು, ಬೆಸುಗೆ ಹಾಕಿ."

ಗಂಡ ಮನೆಯಲ್ಲಿರಲಿಲ್ಲ. ಎದುರಿನ ಸೈಕಲ್ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಆಗಲ್ಲ ಎಂದರೆ ಇವನು ಇನ್ನೊಂದು ಅಂಗಡಿಗೆ ಹೋಗುತ್ತಾನೆ, ಅಲ್ಲಿ ಉದ್ದನೆಯ ಅಡುಗೆ ಚಾಕು ಯಾರನ್ನೂ ಕೇಳದೆ ಸಿಗುತ್ತದೆ. ಆಕೆ ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು.

"ಕೂತ್ಕೋ. ಮೊದಲು ಕಿಲುಬು ತೆಗೀಬೇಕು. ಹೊತ್ತಾಗುತ್ತೆ."

ಅವನು ಕೂತ. ಆಕೆ ಚಿಂದಿಗೆ ಎಣ್ಣೆ ಹಚ್ಚಿ ಅಲಗನ್ನು ನಿಧಾನವಾಗಿ ಒರೆಸತೊಡಗಿದಳು. ಮಾವನ ಕೈಕೆಲಸವೇ. ಅಲಗಿನ ಬುಡ ಹಾಗೇ ಇದ್ದು, ತುದಿ ಮಾತ್ರ ಒಂದೇ ಪಕ್ಕಕ್ಕೆ ಸವೆದಿತ್ತು.

"ಇದನ್ನ ಬಳಸಿದವರು ಎಡಚರಾ?"

"ಅಪ್ಪ." ಅವನೇ ಮುಂದುವರಿಸಿದ: "ನಮಗಿಬ್ಬರಿಗೂ ಇದರಲ್ಲೇ ಚರ್ಮ ಕೊಯ್ಯೋಕೆ ಕಲಿಸಿದ್ದು. ಅಣ್ಣಂಗೆ ಮೊದಲು. ಯಾವಾಗಲೂ ಅಣ್ಣಂಗೇ ಮೊದಲು."

"ಅಣ್ಣ ಎಲ್ಲಿ?"

"ಕೆಲಸದ ಕೋಣೆ ಬೀಗ ಬದಲಾಯಿಸಿ ಒಳಗೆ ಕೂತಿದಾನೆ. ನಿನ್ನೆ ನನ್ನ ಹೆಂಡತಿ ಮುಂದೆ ನನ್ನ ಕತ್ತು ಹಿಡಿದು ಆಚೆ ದಬ್ಬಿದ."

ಅವನ ದನಿ ಏರಲಿಲ್ಲ. ಆಕೆಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಅವನಿಗೆ ಕಾಣದಂತೆ ದೀಪಕ್ಕೆ ಅಡ್ಡವಾಗಿ ಬಗ್ಗಿ, ಸಣ್ಣ ಸುತ್ತಿಗೆಯಿಂದ ಅಲಗನ್ನು ಬಿಗಿಹಿಡಿಯುವ ಸ್ಪ್ರಿಂಗಿನ ಮೊಳೆಯನ್ನು ಕೂದಲೆಳೆಯಷ್ಟು ಹೊರಗೆ ಬಡಿದಳು. ಚಾಕು ಸಡಿಲವಾಯಿತು.

"ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತೇನಪ್ಪ? ಮನೆಗೆ ಹೋಗಿ ಮಲಗು. ಚಾಕು ಇಲ್ಲೇ ಇರಲಿ."

"ನಿಮ್ಮ ಬುದ್ಧಿಮಾತು ಕೇಳೋಕೆ ಬಂದಿಲ್ಲ. ಕೊಡಿ ಇಲ್ಲಿ."

ಅವನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಆಕೆಯ ಕೈಯಿಂದ ಚಾಕು ಕಿತ್ತುಕೊಂಡ. ಆಕೆ ಹೋಗಿ ಬಾಗಿಲಿಗೆ ಅಡ್ಡ ನಿಂತಳು, ಕದಲಲಿಲ್ಲ. ಒಂದು ಕ್ಷಣ ಅಲಗು ಇಬ್ಬರ ನಡುವೆ ಇತ್ತು. ಆಮೇಲೆ ಅವನು ಹಲ್ಲು ಕಚ್ಚಿ ತಿರುಗಿ, ಇದ್ದ ಬಲವನ್ನೆಲ್ಲ ಹಾಕಿ ಚಾಕನ್ನು ಬೆಂಚಿಗೆ ತಿವಿದ.

ಅದು ಮಡಚಿಕೊಂಡಿತು.

ಅವನು ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತ. ಚೂರಿಯಮ್ಮ ಅಲಗು ಬಿಡಿಸಿ, ಒಗೆದ ಬಟ್ಟೆ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಸಿ ಆಸ್ಪತ್ರೆಗೆ ನಡೆಸಿಕೊಂಡು ಹೋದಳು.

ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಸುದ್ದಿ ತಿಳಿದು ಅಣ್ಣ ಓಡಿಬಂದ. ಅವನ ಕೈಯಲ್ಲಿ ಇನ್ನೂ ಅಂಟು ಮೆತ್ತಿತ್ತು.

"ಯಾವ ಕೈ? ಬಲಗೈಯಾ? ಹೊಲಿಯೋ ಕೈಯಾ?"

ತಮ್ಮ ಗೋಡೆ ನೋಡುತ್ತಿದ್ದ. ಚೂರಿಯಮ್ಮ ಏನಾದರೂ ಹೇಳಿ ಸಂಭಾಳಿಸಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಹೇಳಿದ:

"ಅಪ್ಪನ ಚಾಕು ರೆಡಿ ಮಾಡಿಸೋಕೆ ಹೋಗಿದ್ದೆ. ನಿನಗೇ ಅಂತ."

ನರ್ಸ್ ಬಟ್ಟಲನ್ನು ಕೆಳಗಿಟ್ಟಳು. ಅಣ್ಣ ಹಿಂದೆ ಸರಿದು, ಬೆಂಚಿನ ಆ ತುದಿಯಲ್ಲಿ ಕೂತ. ಅಲ್ಲಿಂದಲೇ ಕೇಳಿದ: "ಅಪ್ಪನ ಚಾಕೇ ಬೇಕಾಗಿತ್ತಾ?"

ತಮ್ಮ ಪಟ್ಟಿ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಅಣ್ಣ ಎದ್ದು ಹೋಗಲಿಲ್ಲ.

ಅವರು ಒಂದಾಗಲಿಲ್ಲ. ಕೆಲಸದ ಕೋಣೆಯ ನಡುವೆ ಹಲಗೆಯ ಗೋಡೆ ಎದ್ದಿತು. ಅತ್ತ ಅಣ್ಣ, ಇತ್ತ ತಮ್ಮ. ತಮ್ಮನ ಎರಡು ಬೆರಳು ಪೂರ್ತಿ ಮಡಚದಾದವು. ಚೂರಿಯಮ್ಮ ಕೆಲವು ದಿನ ಅಂಗಡಿ ತೆರೆಯಲಿಲ್ಲ. ಮೊಳೆ ಸಡಿಲಿಸಿದ ವಿಷಯವನ್ನು ಗಂಡನಿಗೆ ಹೇಳಿದಾಗ ಅವನು ನಗಲಿಲ್ಲ. "ಅವನು ಬೆಂಚಿಗೇ ತಿವೀತಾನೆ, ನಿನಗಲ್ಲ ಅಂತ ಆಗ ಏನು ಗ್ಯಾರಂಟಿ ಇತ್ತು?" ಎಂದಷ್ಟೇ ಹೇಳಿದ.

ಬೇಸಿಗೆ ಕಳೆದ ಮೇಲೆ ತಮ್ಮ ಮತ್ತೆ ಅಂಗಡಿಯ ಬಾಗಿಲಲ್ಲಿ ನಿಂತ. ಮೊದಲು ಆಕೆಯೇ ಮಾತು ತೆಗೆದಳು.

"ಅವತ್ತು ಸ್ಪ್ರಿಂಗ್ ಸಡಿಲ ಮಾಡಿದ್ದು ನಾನೇ ಕಣಪ್ಪ."

"ಗೊತ್ತು. ಸುತ್ತಿಗೆ ಸದ್ದು ಕೇಳಿಸಿತ್ತು."

"ಕೇಳಿಸಿಯೂ ತಿವಿದೆಯಾ?"

ಅವನು ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಹೂಂ" ಎಂದ. ಮತ್ತೆ ಆ ಕೈಯನ್ನು ಬೆಂಚಿನ ಮೇಲೆ ಬಿಡಿಸಿಟ್ಟ. "ತೆಳ್ಳಗಿನ ಹಿಡಿ ಈಗ ಕೈಗೆ ನಿಲ್ಲಲ್ಲ. ದಪ್ಪ ಹಿಡಿ ಇರೋದು ಒಂದು ಮಾಡಿಕೊಡ್ತೀರಾ? ಚರ್ಮ ಕೊಯ್ಯೋಕೆ. ಇಲ್ಲಿಗೆ ಹೋಗು ಅಂದಿದ್ದು ಅಣ್ಣ. ಗೋಡೆ ಆಚೆಯಿಂದ ಹೇಳಿದ."

ಚೂರಿಯಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ದಾರ ತಗೊಂಡು ಅವನ ಅಂಗೈ ಅಳೆಯತೊಡಗಿದಳು.